ಸಾಕ್ಷಿಯ ಹೆಸರು ಹೊರಗೆ ಹೋಗಬಾರದು: ಕೋರ್ಟ್ ಆಫೀಸರ್ ಕೆಲಸದ ಬಗ್ಗೆ ಓದುಗರ ಪ್ರಶ್ನೆಗಳು

ರುವಾಂಡಾ ಮತ್ತು ಯುಗೊಸ್ಲಾವಿಯಾ ಯುದ್ಧಾಪರಾಧ ಟ್ರಿಬ್ಯೂನಲ್‌ಗಳಲ್ಲಿ ಕೋರ್ಟ್ ಆಫೀಸರ್ ಆಗಿದ್ದೆ. ಮೊದಲನೆಯದು ತಾಂಜಾನಿಯಾದ ಅರುಶಾದಲ್ಲಿತ್ತು, ಎರಡನೆಯದು ನೆದರ್ಲೆಂಡ್ಸ್‌ನ ಹೇಗ್‌ನಲ್ಲಿ. ಈಗ ಮಂಗಳೂರಿನಲ್ಲೇ ಇದ್ದೇನೆ. ಮದುವೆ ಮನೆಯ ಊಟದ ಪಂಕ್ತಿಯಿಂದ ಹಿಡಿದು ಕಾನೂನು ಕಾಲೇಜಿನ ಸೆಮಿನಾರ್‌ವರೆಗೆ ಎಲ್ಲ ಕಡೆ ಕೇಳುವುದು ಅದೇ ನಾಲ್ಕೈದು ಪ್ರಶ್ನೆ. ಈ ಅಂಕಣಕ್ಕೆ ಬಂದ ಪತ್ರಗಳಲ್ಲೂ ಅವೇ. ಒಮ್ಮೆ ಬರೆದು ಮುಗಿಸುತ್ತೇನೆ. ನರಮೇಧ ಅಂದರೇನು, ಭದ್ರತಾ ಮಂಡಳಿ ಅಂದರೇನು ಎಂದು ವಿವರಿಸುತ್ತಾ ಕೂರುವುದಿಲ್ಲ. ಅಷ್ಟು ನೀವೇ ಓದಿಕೊಳ್ಳಬಹುದು.

ಪ್ರಶ್ನೆ: ಮಗಳು ಎಲ್‌ಎಲ್‌ಬಿ ಮುಗಿಸಿ ಒಬ್ಬ ಸೀನಿಯರ್ ವಕೀಲರ ಜೊತೆ ಇದ್ದಾಳೆ. ಹೇಗ್‌ನಲ್ಲಿ ಕೋರ್ಟ್ ಆಫೀಸರ್ ಆಗಬೇಕು ಅನ್ನುತ್ತಾಳೆ. ನಮ್ಮ ನೆಂಟರೊಬ್ಬರು "ಅದು ಇಲ್ಲಿಯ ಬೆಂಚ್ ಕ್ಲರ್ಕ್ ಕೆಲಸವೇ, ಅದಕ್ಕೆ ಅಷ್ಟು ದೂರ ಯಾಕೆ?" ಎಂದು ನಗುತ್ತಾರೆ. ನಿಜವಾಗಿ ಏನು ಕೆಲಸ ಮೇಡಂ? — ಬ್ರಹ್ಮಾವರದಿಂದ ಒಬ್ಬ ತಾಯಿ

ಬೆಂಚ್ ಕ್ಲರ್ಕ್ ಅಂದರೆ ನಗುವ ವಿಷಯ ಅಂದುಕೊಂಡವರು ಒಂದು ದಿನ ಉಡುಪಿ ಕೋರ್ಟ್ ಹಾಲಿನಲ್ಲಿ ಕೂತು ನೋಡಲಿ. ನಿಶಾನೆ ಪಿ-7 ಯಾವ ಕಾಗದ, ಪಿ-8 ಯಾವುದು ಎಂಬುದು ಅದಲುಬದಲಾದರೆ ಅಪೀಲಿನಲ್ಲಿ ಏನಾಗುತ್ತದೆ ಎಂದು ಯಾವ ವಕೀಲರನ್ನಾದರೂ ಕೇಳಿ. ನಿಮ್ಮ ನೆಂಟರು ಹೇಳಿದ್ದು ಅರ್ಧ ಸರಿ. ನಗುವಂಥದ್ದು ಮಾತ್ರ ಏನಿಲ್ಲ.

ಕೋರ್ಟ್ ಆಫೀಸರ್ ರಿಜಿಸ್ಟ್ರಿಯ, ಅಂದರೆ ಕೋರ್ಟಿನ ಆಡಳಿತ ಕಚೇರಿಯ, ಮನುಷ್ಯ. ಪ್ರಾಸಿಕ್ಯೂಷನ್ ಕಡೆಯವರೂ ಅಲ್ಲ, ಆರೋಪಿ ಕಡೆಯವರೂ ಅಲ್ಲ. ನ್ಯಾಯಾಧೀಶರ ಪೀಠದ ಕೆಳಗೆ, ವಕೀಲರಿಗೆ ಎದುರಾಗಿ ಕೂರುತ್ತಾರೆ. ಬೆಳಿಗ್ಗೆ ಕೇಸಿನ ನಂಬರ್ ಕೂಗುವುದು ಅವರ ಕೆಲಸ. ದಾಖಲೆಗೆ ನಂಬರ್ ಕೊಡುವುದೂ ಅವರೇ: ಪ್ರಾಸಿಕ್ಯೂಷನ್‌ದಾದರೆ ಪಿ, ಡಿಫೆನ್ಸ್‌ದಾದರೆ ಡಿ. ಪೀಠ ಇನ್ನೂ ಒಪ್ಪಿಕೊಳ್ಳದ ದಾಖಲೆಗೆ ಗುರುತಿಗಷ್ಟೇ ಬೇರೆ ನಂಬರ್. ಕೇಳಲಿಕ್ಕೆ ಸುಲಭ. ಬೋಸ್ನಿಯಾ ಸರ್ಬರ ನಾಯಕ ಕರಾಜಿಚ್ ಮೇಲಿನ ಕೇಸ್ ಒಂದರಲ್ಲೇ 11 ಸಾವಿರಕ್ಕೂ ಹೆಚ್ಚು ದಾಖಲೆಗಳು ನಿಶಾನೆಯಾದವು. ಒಂದೇ ದಾಖಲೆಗೆ ಮೂಲ ಭಾಷೆಯ ಪ್ರತಿ, ಇಂಗ್ಲಿಷ್ ಅನುವಾದ, ತಿದ್ದಿದ ಅನುವಾದ. ಇವುಗಳಲ್ಲಿ ಸಾಕ್ಷಿಯ ಎದುರಿನ ಸ್ಕ್ರೀನಿನಲ್ಲಿ ಈ ಕ್ಷಣ ಇರುವುದು ಯಾವುದು, ಯಾವ ಪುಟ? ಅದು ನಿಮಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಮೂವರು ನ್ಯಾಯಾಧೀಶರೂ ನಿಮ್ಮ ಕಡೆಗೇ ನೋಡುತ್ತಾರೆ.

ಆದರೆ ನಿಜವಾದ ಹೊಣೆ ಇದೂ ಅಲ್ಲ. ಸಾಕ್ಷಿಯ ಹೆಸರನ್ನು ಕಾಯುವುದು ನಿಜವಾದ ಹೊಣೆ.

ಯುಗೊಸ್ಲಾವಿಯಾ ಟ್ರಿಬ್ಯೂನಲ್‌ನಲ್ಲಿ ಸಾಕ್ಷಿ ಹೇಳಿದವರು 4,600ಕ್ಕೂ ಹೆಚ್ಚು ಮಂದಿ. ಅವರಲ್ಲಿ ಹಲವರ ಹೆಸರು ಜಗತ್ತಿಗೆ ಇವತ್ತಿಗೂ ಗೊತ್ತಿಲ್ಲ, ಗೊತ್ತಾಗಲೂ ಬಾರದು. ತಮ್ಮವರನ್ನು ಕೊಂದವರ ಮನೆಯ ಪಕ್ಕದಲ್ಲೇ ವಾಪಸು ಹೋಗಿ ಬದುಕಬೇಕಾದವರು ಅವರಲ್ಲಿದ್ದರು. ಅಂಥ ಸಾಕ್ಷಿ ಬಂದಾಗ ಹೆಸರು ಕೇಳುವುದಿಲ್ಲ. ಒಂದು ಹಾಳೆಯಲ್ಲಿ ಹೆಸರು, ಹುಟ್ಟಿದ ದಿನ ಬರೆದು ಮುಂದಿಡುತ್ತಾರೆ. "ಇದರಲ್ಲಿರುವುದು ನಿಮ್ಮ ವಿವರವೇ? ಹೌದು ಅಥವಾ ಇಲ್ಲ ಎಂದಷ್ಟೇ ಹೇಳಿ" ಎಂದು ವಕೀಲರು ಕೇಳುತ್ತಾರೆ. ಸಾಕ್ಷಿ ಸಹಿ ಹಾಕುತ್ತಾರೆ. ಆ ಹಾಳೆ ಎರಡೂ ಕಡೆಯ ವಕೀಲರ ಕಣ್ಣ ಮುಂದೆ ಹಾದು, ಪೀಠಕ್ಕೆ ಹೋಗಿ, ನನ್ನ ಮೇಜಿಗೆ ಬರುತ್ತದೆ. ನಂಬರ್ ಕೊಟ್ಟು ಸೀಲಿನಡಿ ಸೇರಿಸಬೇಕು.

ಇಲ್ಲೊಂದು ಸಣ್ಣ ಅಪಾಯ ಇದೆ. ಸಾಕ್ಷಿಯ ಪಕ್ಕದಲ್ಲಿ ಎಲ್ಮೊ ಎನ್ನುವ ಪ್ರೊಜೆಕ್ಟರ್ ಇರುತ್ತಿತ್ತು. ನಕ್ಷೆ, ಫೋಟೊ ಎಲ್ಲ ಅದರ ಮೇಲೆ ಇಡುವುದು ಅಶರ್‌ಗಳಿಗೆ (ಹಾಲಿನಲ್ಲಿ ಕಾಗದ ಕೈಗೆ ಕೊಡುವ ಸಹಾಯಕರು) ಕೈಗಂಟಿದ ರೂಢಿ. ಹೆಸರಿನ ಹಾಳೆಯೂ ರೂಢಿಯ ಮೇಲೆ ಅಲ್ಲಿಗೆ ಹೋದರೆ ಕತೆ ಮುಗಿಯಿತು. ಹಾಳೆ ಕೈಯಿಂದ ಕೈಗೆ ಹೋಗುವಷ್ಟು ಹೊತ್ತೂ ನಾನು ಸಾಕ್ಷಿಯ ಮುಖ ನೋಡುತ್ತಿರಲಿಲ್ಲ, ಹಾಳೆಯನ್ನೇ ನೋಡುತ್ತಿದ್ದೆ.

ಇನ್ನು ಬಾಯಿ ತಪ್ಪುವುದು. ನುರಿತ ವಕೀಲರೇ ಭರದಲ್ಲಿ ಹೆಸರು ಹೇಳಿಬಿಡುತ್ತಾರೆ. ಹೆಸರು ಬೇಡ, "ನಿಮ್ಮ ಹಳ್ಳಿಯ ಒಬ್ಬಳೇ ಶಿಕ್ಷಕಿ ನೀವೇ ಅಲ್ಲವೇ?" ಅಂದರೂ ಸಾಕು. ಆ ಹಳ್ಳಿಯವರಿಗೆ ಅರ್ಥವಾಗದೆ ಇರುತ್ತದಾ? ಹೇಗ್‌ನಲ್ಲಿ ಕಲಾಪದ ಪ್ರಸಾರ 30 ನಿಮಿಷ ತಡವಾಗಿ ಹೊರಗೆ ಹೋಗುತ್ತಿತ್ತು. ಆ ಅರ್ಧ ಗಂಟೆ ಇದ್ದದ್ದೇ ಇದಕ್ಕೆ. ಮಾತು ಬಿದ್ದ ಹೊತ್ತು, ಲಿಖಿತ ನಡಾವಳಿಯ ಪುಟ, ಸಾಲು ಗುರುತು ಹಾಕಿ ಆದೇಶ ಸಿದ್ಧ ಮಾಡಬೇಕು, ನ್ಯಾಯಾಧೀಶರ ಸಹಿ ಆಗಬೇಕು, ಪ್ರಸಾರದವರು ಅಷ್ಟನ್ನು ಕತ್ತರಿಸಬೇಕು. ವಾದ ಮಾತ್ರ ನಿಲ್ಲುವುದಿಲ್ಲ. ಅದರ ಮಧ್ಯೆಯೇ ಮುಂದಿನ ದಾಖಲೆಗೆ ನಂಬರ್ ಕೊಡುತ್ತಿರಬೇಕು.

ಪೀಠ "ಪ್ರೈವೇಟ್ ಸೆಷನ್" ಎಂದರೆ ಸಾರ್ವಜನಿಕರು ಕೂರುವ ಗ್ಯಾಲರಿಗೆ ಹೋಗುವ ದನಿ ಬಂದ್. ಗಾಜಿನಾಚೆ ಕೂತವರಿಗೆ ತುಟಿ ಅಲ್ಲಾಡುವುದು ಕಾಣುತ್ತದೆ, ಮಾತು ಕೇಳುವುದಿಲ್ಲ. ಕ್ಲೋಸ್ಡ್ ಸೆಷನ್ ಆದರೆ ಪರದೆಯೂ ಇಳಿಯುತ್ತದೆ. ದನಿ ಬಂದ್ ಆಗಿದೆ ಎಂದು ಖಾತ್ರಿ ಮಾಡಿಕೊಂಡು "ನಾವೀಗ ಪ್ರೈವೇಟ್ ಸೆಷನ್‌ನಲ್ಲಿದ್ದೇವೆ, ಯುವರ್ ಆನರ್ಸ್" ಎಂದು ಹೇಳುವುದು ಕೋರ್ಟ್ ಆಫೀಸರ್. ಆ ಒಂದು ವಾಕ್ಯ ಬರುವವರೆಗೆ ಯಾರೂ ಬಾಯಿ ಬಿಡಬಾರದು. ನಿಮ್ಮ ಮಗಳು ಇಡೀ ದಿನದಲ್ಲಿ ಹತ್ತಿಪ್ಪತ್ತು ವಾಕ್ಯ ಮಾತಾಡಬಹುದು. ಅದರಲ್ಲಿ ಇದು ಸುಳ್ಳಾಗುವ ಹಾಗಿಲ್ಲ.

ಸಂರಕ್ಷಿತ ಸಾಕ್ಷಿಯ ಗುರುತು ಬಿಟ್ಟುಕೊಟ್ಟವರಿಗೆ ಆ ಟ್ರಿಬ್ಯೂನಲ್‌ನ ನಿಯಮದಲ್ಲಿ 7 ವರ್ಷದವರೆಗೆ ಜೈಲು ಅಥವಾ 1 ಲಕ್ಷ ಯೂರೊವರೆಗೆ ದಂಡ, ಎರಡೂ ಬೇಕಾದರೆ ಎರಡೂ ಇತ್ತು. ಪತ್ರಕರ್ತರ ಮೇಲೂ ಕೇಸ್ ಆಗಿದೆ. ನಮ್ಮಲ್ಲಿಯೂ ಅತ್ಯಾಚಾರ ಸಂತ್ರಸ್ತೆಯ ಗುರುತು ಹೊರಹಾಕಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ 2 ವರ್ಷದವರೆಗೆ ಶಿಕ್ಷೆ ಇದೆ. ಆದರೂ ಘಟನೆ ನಡೆದ ಸಂಜೆಯೇ ಹೆಸರು, ಮನೆಯ ಫೋಟೊ ವಾಟ್ಸಾಪ್ ಗ್ರೂಪಿನಲ್ಲಿ ಓಡಾಡುತ್ತಿರುತ್ತದೆ. ಕಳಿಸಿದವರನ್ನು ಕೇಳಿದರೆ "ಸುಮ್ನೆ ಫಾರ್ವರ್ಡ್ ಮಾಡಿದ್ದು ಮಾರಾಯ್ರೆ" ಅನ್ನುತ್ತಾರೆ. ಇಂಥವರು ದಯವಿಟ್ಟು ಕಾನೂನು ಕ್ಷೇತ್ರಕ್ಕೇ ಬರಬೇಡಿ.

ಈಗ ಮಗಳ ವಿಷಯ. ಟ್ರಯಲ್ ಕೋರ್ಟಿನಲ್ಲಿ ಇನ್ನೂ ಒಂದಷ್ಟು ವರ್ಷ ಇರಲಿ. ಕ್ರಿಮಿನಲ್ ಕೇಸುಗಳಲ್ಲಿ ದಾಖಲೆ ನಿಶಾನೆ ಆಗುವುದನ್ನು ಕೈಯಾರೆ ಮಾಡಲಿ. ಅನುಭವ ಇಲ್ಲದೆ ಎಲ್‌ಎಲ್‌ಎಂ ಮೇಲೆ ಎಲ್‌ಎಲ್‌ಎಂ ಮಾಡಿದವರನ್ನು ತುಂಬಾ ನೋಡಿದ್ದೇನೆ. ನಡೆಯುತ್ತಿರುವ ಕಲಾಪದ ಮಧ್ಯೆ ಕಾಗದ ಹುಡುಕಲಿಕ್ಕೆ ಅವರಿಗೆ ಬರುವುದಿಲ್ಲ. ಫ್ರೆಂಚ್ ಈಗಲೇ ಶುರು ಮಾಡಲಿ. ಈಗ ಹೇಗ್‌ನಲ್ಲಿರುವ ಅಂತರರಾಷ್ಟ್ರೀಯ ಕ್ರಿಮಿನಲ್ ಕೋರ್ಟಿನ ಕೆಲಸದ ಭಾಷೆಗಳು ಇಂಗ್ಲಿಷ್ ಮತ್ತು ಫ್ರೆಂಚ್. ಮನೆಯಲ್ಲಿ ತುಳು ಅಥವಾ ಕೊಂಕಣಿ, ಬೀದಿಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್ ಮಾತಾಡಿ ಬೆಳೆದ ನಮ್ಮ ಕಡೆಯ ಮಕ್ಕಳಿಗೆ ಇನ್ನೊಂದು ಭಾಷೆ ಹೊರೆ ಅಲ್ಲ.

ಎರಡು ಕಹಿ ವಿಷಯವನ್ನೂ ಹೇಳಬೇಕು. ಭಾರತ ಈ ಕ್ರಿಮಿನಲ್ ಕೋರ್ಟಿನ ಸದಸ್ಯ ದೇಶ ಅಲ್ಲ. ಅರ್ಜಿ ಹಾಕಬಹುದು, ಆದರೆ ಸದಸ್ಯ ದೇಶದವರಿಗೆ ಆದ್ಯತೆ. ಎರಡನೆಯದು, ಟ್ರಿಬ್ಯೂನಲ್‌ಗಳಿಗೆ ಆಯುಷ್ಯ ಇರುತ್ತದೆ. ಅರುಶಾದ ರುವಾಂಡಾ ಟ್ರಿಬ್ಯೂನಲ್ 2015ರ ಕೊನೆಗೆ ಮುಚ್ಚಿತು, ಹೇಗ್‌ನ ಯುಗೊಸ್ಲಾವಿಯಾದ್ದು 2017ರ ಕೊನೆಗೆ. ಉಳಿದ ಕೆಲಸಕ್ಕೆ ಒಂದು ಸಣ್ಣ ಸಂಸ್ಥೆ ಮಾಡಿದರು, ಅಷ್ಟೇ. ಸರಕಾರಿ ಕೆಲಸದ ಹಾಗೆ ನಿವೃತ್ತಿವರೆಗೆ ಗ್ಯಾರಂಟಿ ಅಂದುಕೊಂಡು ಇಲ್ಲಿ ಜಾಗ ಮಾರಿ ಹೋಗಬೇಡಿ. ಇಂಟರ್ನ್‌ಶಿಪ್‌ಗೆ ಸಂಬಳ ಬರುತ್ತದೆ ಎಂದು ಲೆಕ್ಕ ಹಾಕುವುದೂ ಬೇಡ.

ಪ್ರಶ್ನೆ: ಮಂಗಳೂರಿನ ಒಬ್ಬ ಏಜೆಂಟರು "ಹೇಗ್ ಕೋರ್ಟಿನಲ್ಲಿ ಒಳಗಿನವರ ಪರಿಚಯ ಇದೆ" ಎಂದು ಹೇಳಿ ಪ್ರೊಸೆಸಿಂಗ್ ಶುಲ್ಕ ಕೇಳುತ್ತಿದ್ದಾರೆ. ಕೊಡಬಹುದೇ? — ಸುರತ್ಕಲ್

ಕೊಡಬೇಡಿ. ವಿಶ್ವಸಂಸ್ಥೆ ಆಗಲಿ, ಅಂತರರಾಷ್ಟ್ರೀಯ ಕ್ರಿಮಿನಲ್ ಕೋರ್ಟ್ ಆಗಲಿ ಅರ್ಜಿಗೆ, ಇಂಟರ್‌ವ್ಯೂಗೆ, ತರಬೇತಿಗೆ ಒಂದು ರೂಪಾಯಿಯನ್ನೂ ಕೇಳುವುದಿಲ್ಲ. ಏಜೆಂಟರನ್ನೂ ಇಟ್ಟುಕೊಂಡಿಲ್ಲ. ಅರ್ಜಿ ಹಾಕುವುದು ಅವರವರ ವೆಬ್‌ಸೈಟಿನಲ್ಲಿ ಮಾತ್ರ. ಜಿಮೇಲ್‌ನಿಂದ ಆಫರ್ ಲೆಟರ್ ಬಂದರೆ ಅದು ಸುಳ್ಳು. ಗಲ್ಫ್ ವೀಸಾದ ಹೆಸರಿನಲ್ಲಿ ನಮ್ಮ ಜಿಲ್ಲೆಯವರು ಕಳಕೊಂಡದ್ದು ಸಾಲದಾ? ಕೊಟ್ಟಾಗಿದ್ದರೆ ಇವತ್ತೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. "ಅಂತರರಾಷ್ಟ್ರೀಯ ಯುದ್ಧಾಪರಾಧ ಕಾನೂನು ಡಿಪ್ಲೊಮಾ, ಕೆಲಸ ಖಚಿತ" ಎಂದು ಮೂರು ತಿಂಗಳ ಆನ್‌ಲೈನ್ ಕೋರ್ಸ್ ಮಾರುವವರೂ ಇದೇ ಜಾತಿ.

ಪ್ರಶ್ನೆ: ನಮ್ಮ ಮಂಗಳೂರಿನ ಬಿ.ಎನ್. ರಾವ್ ಅವರು ಜಡ್ಜ್ ಆಗಿದ್ದದ್ದು ಇದೇ ಕೋರ್ಟಿನಲ್ಲಿ ಅಲ್ವಾ? — ಕೊಡಿಯಾಲ್‌ಬೈಲ್

ಅಲ್ಲ. ಮಂಗಳೂರಿನಲ್ಲಿ ಹುಟ್ಟಿ, ಕೆನರಾ ಹೈಸ್ಕೂಲಿನಲ್ಲಿ ಓದಿದ ಬೆನಗಲ್ ನರಸಿಂಗ ರಾವ್ 1952ರಲ್ಲಿ ಹೋದದ್ದು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ. ಅಲ್ಲಿ ದೇಶ ದೇಶಗಳ ನಡುವಿನ ವ್ಯಾಜ್ಯ. ಕುಲಭೂಷಣ್ ಜಾಧವ್ ಕೇಸ್ ಹೋದದ್ದೂ ಅಲ್ಲಿಗೇ. ವ್ಯಕ್ತಿಗಳನ್ನು ವಿಚಾರಣೆ ಮಾಡುವ ಕ್ರಿಮಿನಲ್ ಕೋರ್ಟ್ ಶುರುವಾದದ್ದು 2002ರಲ್ಲಿ. ಎರಡೂ ಹೇಗ್‌ನಲ್ಲಿವೆ ಎಂಬ ಕಾರಣಕ್ಕೆ ಟಿವಿಯವರು ಎರಡನ್ನೂ ಕಲಸಿಹಾಕುತ್ತಾರೆ. ನೀವಾದರೂ ಮಾಡಬೇಡಿ.

ಪ್ರಶ್ನೆ: ಕೋರ್ಟ್ ಆಫೀಸರ್‌ಗೆ ಗನ್ ಕೊಡುತ್ತಾರಾ? — ಮಣಿಪಾಲ

ಇಲ್ಲ. ಪೆನ್ನು, ಕಂಪ್ಯೂಟರ್, ಹೆಡ್‌ಫೋನ್.

ಪ್ರಶ್ನೆ: ಅಲ್ಲಿ ಗಲ್ಲಿಗೆ ಹಾಕುವುದನ್ನು ನೋಡಿದ್ದೀರಾ? — ಕಾರ್ಕಳ

ಈ ಯಾವ ಕೋರ್ಟಿನಲ್ಲೂ ಮರಣದಂಡನೆ ಇಲ್ಲ. ಹೆಚ್ಚೆಂದರೆ ಜೀವಾವಧಿ.

ಪ್ರಶ್ನೆ: ಮುಚ್ಚಿದ ಕಲಾಪದಲ್ಲಿ ಏನೇನು ನಡೆಯಿತು, ಹೆಸರಿಲ್ಲದೆ ಆದರೂ ಒಂದೆರಡು ಘಟನೆ ಬರೆಯಿರಿ. — ಕುಂದಾಪುರ

ಮೇಲಿನ ಉತ್ತರವನ್ನು ನೀವು ಓದಿಲ್ಲ. ಶಿಕ್ಷಕಿಯ ಉದಾಹರಣೆ ಇರುವ ಜಾಗ ನೋಡಿ. ಕೆಲಸ ಬಿಟ್ಟ ಮೇಲೂ ಗುಟ್ಟು ಗುಟ್ಟೇ.

ಪ್ರಶ್ನೆ: ಅಣ್ಣ ತಮ್ಮಂದಿರ ನಡುವೆ ತೋಟದ ಪಾಲಿನ ಕೇಸ್ ಹೈಕೋರ್ಟಿನಲ್ಲಿ ಸೋತಿದ್ದೇವೆ. ಹೇಗ್‌ಗೆ ಹಾಕಬಹುದಾ? — ಪುತ್ತೂರು

ಆಗುವುದಿಲ್ಲ. ಹಾಕಿಕೊಡುತ್ತೇನೆ ಎಂದ ವಕೀಲರಿಂದ ಫೈಲ್ ವಾಪಸು ತನ್ನಿ.