ಓದುಗರ ಪ್ರಶ್ನೆ, ತಜ್ಞರ ಉತ್ತರ: ಕೃಷಿ ಹೊಂಡದ ಮೀನಿಗೆ ಹುಣ್ಣು ರೋಗ

ಪ್ರಶ್ನೆ: ನಮ್ಮ ಹೊಲದ ಮಣ್ಣಿನ ಕೃಷಿ ಹೊಂಡ 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳವಿದ್ದು, ಈಗ 2 ಮೀಟರ್ ನೀರಿದೆ. ಮುಂಗಾರಿನಲ್ಲಿ ಹಳ್ಳದ ನೀರು ತುಂಬಿಸಿ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಸೇರಿ 1,500 ಮರಿ ಬಿಟ್ಟಿದ್ದೆವು. ಚಳಿ ಬಿದ್ದ ಮೇಲೆ ಕಾಟ್ಲಾ, ರೋಹುಗಳ ಮೈಮೇಲೆ ಕೆಂಪು ಹುಣ್ಣಾಗಿ ದಿನವೂ ನಾಲ್ಕೈದು ಸಾಯುತ್ತಿವೆ. ಗೆಂಡೆಗೆ ಏನೂ ಆಗಿಲ್ಲ. ಅಂಗಡಿಯಿಂದ ಆ್ಯಂಟಿಬಯೋಟಿಕ್ ಪುಡಿ ತಂದು ನೀರಿಗೆ ಹಾಕಿದರೂ ಗುಣ ಕಾಣಲಿಲ್ಲ. ಉಳಿದ ಮೀನು ಮಾರಬಹುದೇ?
– ರೈತ ಓದುಗರು, ಹಾನಗಲ್ ತಾಲ್ಲೂಕು

ಉತ್ತರ: ತಾವು ಬರೆದ ಲಕ್ಷಣಗಳು ಎಪಿಜೂಟಿಕ್ ಅಲ್ಸರೇಟಿವ್ ಸಿಂಡ್ರೋಮ್ ಎಂಬ ಹುಣ್ಣು ರೋಗಕ್ಕೆ ಹೊಂದುತ್ತವೆ, ಚಳಿಯಲ್ಲಿ ಕಾಣಿಸಿಕೊಂಡಿರುವುದು ಮತ್ತು ಗೆಂಡೆ ಪಾರಾಗಿರುವುದು ಈ ಅನುಮಾನವನ್ನು ಇನ್ನಷ್ಟು ಗಟ್ಟಿ ಮಾಡುತ್ತವೆ. ನಮ್ಮ ದೇಶದಲ್ಲಿ 1988ರಲ್ಲಿ ಮೊದಲು ಕಂಡ ಈ ರೋಗದ ಮೂಲ ಅಫನೋಮೈಸಿಸ್ ಇನ್ವಡಾನ್ಸ್ ಎಂಬ, ಬೂಷ್ಟನ್ನು ಹೋಲುವ ಜೀವಿ. ಬ್ಯಾಕ್ಟೀರಿಯಾ ಗಾಯಕ್ಕೆ ಸೇರುವುದು ಆಮೇಲೆ. ಆದ್ದರಿಂದಲೇ ಆ್ಯಂಟಿಬಯೋಟಿಕ್ ಫಲ ಕೊಡಲಿಲ್ಲ. ದಯವಿಟ್ಟು ಅದನ್ನು ಮತ್ತೆ ಹಾಕಬೇಡಿ. ಹಳ್ಳದ ನೀರಿನೊಡನೆ ಬಂದ ಕೊರವ, ಪಕ್ಕೆಯಂಥ ಕಾಡುಮೀನುಗಳಿಂದ ಸೋಂಕು ತಗುಲಿರುವ ಸಾಧ್ಯತೆಯೇ ಹೆಚ್ಚು.

ಔಷಧಿಗಿಂತ ಮೊದಲು ನೀರಿನ ಲೆಕ್ಕ ಮಾಡಬೇಕು, ಏಕೆಂದರೆ ಅಳತೆ ತಪ್ಪಿದ ಮದ್ದು ಒಂದೋ ವ್ಯರ್ಥವಾಗುತ್ತದೆ, ಇಲ್ಲವೇ ಉಳಿದ ಮೀನನ್ನೂ ಕೊಲ್ಲುತ್ತದೆ. ಹೊಂಡದ ಬದಿಗಳು 1:1 ಇಳಿಜಾರಿನಲ್ಲಿದ್ದರೆ 2 ಮೀಟರ್ ನೀರೆಂದರೆ ಸುಮಾರು 580 ಘನ ಮೀಟರ್, ನೀರಿನ ಮೇಲ್ಮೈ ಸುಮಾರು 360 ಚದರ ಮೀಟರ್. ಸುಣ್ಣವನ್ನು ಹೆಕ್ಟೇರಿಗೆ 200 ಕೆ.ಜಿ.ಯಂತೆ ಲೆಕ್ಕ ಹಿಡಿದರೆ ತಮಗೆ ಬೇಕಾದದ್ದು ಸುಮಾರು 7 ಕೆ.ಜಿ. ಮಾತ್ರ, ಅದನ್ನು ನೀರಿನಲ್ಲಿ ಕದಡಿ, ಬಿಸಿ ಆರಿದ ಮೇಲೆ ಹೊಂಡದ ತುಂಬ ಸಮವಾಗಿ ಚೆಲ್ಲಬೇಕು. ಭುವನೇಶ್ವರದ ಕೇಂದ್ರೀಯ ಸಿಹಿನೀರು ಮೀನುಕೃಷಿ ಸಂಸ್ಥೆ ಈ ರೋಗಕ್ಕೆಂದೇ ರೂಪಿಸಿದ ಸೈಫ್ಯಾಕ್ಸ್ ಎಂಬ ದ್ರಾವಣದ ಪ್ರಮಾಣ ಒಂದು ಹೆಕ್ಟೇರ್ ವಿಸ್ತೀರ್ಣದ, ಒಂದು ಮೀಟರ್ ಆಳದ ನೀರಿಗೆ 1 ಲೀಟರ್; ತಮ್ಮ ಹೊಂಡಕ್ಕೆ ಸುಮಾರು 60 ಮಿ.ಲೀ. ಸಾಕು. ಆದರೆ ಇವುಗಳಲ್ಲಿ ಯಾವುದನ್ನಾದರೂ ಹಾಕುವ ಮುನ್ನ ಸತ್ತದ್ದಲ್ಲ, ಹುಣ್ಣಿದ್ದೂ ಇನ್ನೂ ಜೀವಂತವಿರುವ ಮೀನನ್ನು ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಗೆ ಒಯ್ದು ರೋಗವನ್ನು ಖಚಿತಪಡಿಸಿಕೊಳ್ಳಿ.

ಇನ್ನೊಂದು ಮಾತನ್ನು ಕಳಕಳಿಯಿಂದ ಹೇಳಬೇಕಾಗಿದೆ. ಹೆಕ್ಟೇರಿಗೆ 5,000ದಿಂದ 10,000 ಮರಿ ಎಂಬ ಲೆಕ್ಕದಲ್ಲಿ ತಮ್ಮ ಹೊಂಡಕ್ಕೆ 180ರಿಂದ 360 ಮರಿ ಸಾಕಿತ್ತು. 1,500 ಮರಿಗಳ ಇಕ್ಕಟ್ಟಿನಲ್ಲಿ ಮೀನಿನ ಶಕ್ತಿ ಕುಂದಿರುತ್ತದೆ, ರೋಗ ಒಂದರಿಂದ ಒಂದಕ್ಕೆ ಬೇಗ ಹಬ್ಬುತ್ತದೆ. ಸತ್ತವನ್ನು ದಿನವೂ ತೆಗೆದು ಸುಣ್ಣ ಹಾಕಿ ಹೂಳಿರಿ, ಮೇವಾಗಿ ಹಾಕುವ ತೌಡು ಮತ್ತು ಶೇಂಗಾ ಹಿಂಡಿಯನ್ನು ಅರ್ಧಕ್ಕೆ ಇಳಿಸಿ, ಬಲೆಯನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸದೆ ನೆರೆಯವರ ಹೊಂಡಕ್ಕೆ ಕೊಡಬೇಡಿ. ಈ ರೋಗ ಮನುಷ್ಯರಿಗೆ ಅಂಟುವುದಿಲ್ಲ; ಆದರೂ ಹುಣ್ಣಾದ ಮೀನು ಮಾರಬಾರದು, ಮೈ ಸ್ವಚ್ಛವಿದ್ದವನ್ನೂ ಆ್ಯಂಟಿಬಯೋಟಿಕ್ ಹಾಕಿರುವುದರಿಂದ ಇಲಾಖೆಯವರನ್ನು ಕೇಳದೆ ಸಂತೆಗೆ ಒಯ್ಯಬಾರದು.

ಪ್ರಶ್ನೆ: ನಮ್ಮ ಕೆರೆಯ ಮೀನುಗಳು ಕಲ್ಲಿಗೆ ಮೈ ಉಜ್ಜುತ್ತಿವೆ, ಹಿಡಿದು ನೋಡಿದರೆ ಚಪ್ಪಟೆ ಹುಳು ಅಂಟಿರುತ್ತವೆ. ಏನು ಮಾಡಬೇಕು?
– ಓದುಗರು, ಶಿರಹಟ್ಟಿ, ಗದಗ ಜಿಲ್ಲೆ

ಉತ್ತರ: ಅದು ಆರ್ಗ್ಯುಲಸ್, ಅಂದರೆ ಮೀನು ಹೇನು. ಇದು ಗಟ್ಟಿ ವಸ್ತುಗಳ ಮೇಲೆ ಮೊಟ್ಟೆಯಿಡುವುದರಿಂದ ನೀರಿನಲ್ಲಿ ಅಲ್ಲಲ್ಲಿ ಬಿದಿರಿನ ಗಳಗಳನ್ನು ನೆಟ್ಟು, ವಾರಕ್ಕೊಮ್ಮೆ ಕಿತ್ತು, ಕಡು ಬಿಸಿಲಿನಲ್ಲಿ ಒಣಗಿಸಿ ಮತ್ತೆ ನೆಡಿರಿ; ಮೊಟ್ಟೆಗಳು ಮರಿಯಾಗುವ ಮೊದಲೇ ಒಣಗಿ ಸಾಯುತ್ತವೆ. ಹೊಲಕ್ಕೆ ಸಿಂಪಡಿಸುವ ಕೀಟನಾಶಕವನ್ನು ಮಾತ್ರ ತಾವಾಗಿಯೇ ಕೆರೆಗೆ ಸುರಿಯಬೇಡಿ.