ಅಂಬಾಸಿಡರ್ ಹೆಡ್ ಸ್ಟಡ್ ಟೈಟ್ ಮಾಡೋಕೆ ಯಾವ ಟಾರ್ಕ್ ರೆಂಚ್ ತಗೋಬೇಕು?

ಬಿಗಿಯನ್ನು ಅಂಕಿಯಲ್ಲಿ ತೋರಿಸೋ ಡಿಜಿಟಲ್ ರೆಂಚಾ, ಇಟ್ಟ ಬಿಗಿ ಬಂದಾಗ ಕ್ಲಿಕ್ ಅನ್ನೋ ಕ್ಲಿಕ್ ರೆಂಚಾ, ಇಲ್ಲಾ ಗ್ಯಾರೇಜಿನವರ ಹಾಗೆ ಕೈ ಅಂದಾಜೇ ಸಾಕಾ ಅಂತ ಕೇಳಿದ್ದೀರಿ. ಹಳೇ ಅಂಬಾಸಿಡರ್ ಎಂಜಿನ್ ಕಟ್ಟಿ ಹೆಡ್, ಅಂದರೆ ಸಿಲಿಂಡರ್ ಮೇಲಿನ ಮುಚ್ಚಳ, ಕೂರಿಸೋ ಹಂತಕ್ಕೆ ಬಂದಿದ್ದೀರಿ. ಅದನ್ನು ಬ್ಲಾಕಿಗೆ ಹಿಡಿದಿಡೋ ಕಂಬಿಗಳೇ ಸ್ಟಡ್, ಅವುಗಳ ಮೇಲೆ ವಾಷರ್, ನಟ್. 2009ರಲ್ಲಿ ನಾನೂ ಅಲ್ಲೇ ನಿಂತಿದ್ದೆ. ಇದೇ ಪ್ರಶ್ನೆ ಹಿಡಿದುಕೊಂಡು ಊರೆಲ್ಲ ಸುತ್ತಿದೆ, ಕೊನೆಗೆ ನಾಲ್ಕು ಸಾವಿರ ಕೊಟ್ಟು ಒಳ್ಳೇ ಕ್ಲಿಕ್ ರೆಂಚ್ ತಂದೆ. ನನ್ನನ್ನು ರಸ್ತೆಯಲ್ಲಿ ಕೂರಿಸಿದ್ದು ಆರು ರೂಪಾಯಿಯ ವಾಷರ್.

ನಮ್ಮದು ದಾವಣಗೆರೆ. ಗಾಡಿ ಅಪ್ಪನದು, ಮಾರ್ಕ್ 4, 1489 ಸಿಸಿ ಪೆಟ್ರೋಲ್. ಹೊಗೆ ಜಾಸ್ತಿಯಾಗಿತ್ತು, ಆಯಿಲ್ ಕುಡಿಯುತ್ತಿತ್ತು. ಅಪ್ಪ ಗುಜರಿಗೆ ಹಾಕೋಣ ಅಂದರು. ನಾನು ಹಟ ಮಾಡಿ ಎಂಜಿನ್ ಇಳಿಸಿದೆ. ಬ್ಲಾಕ್ ಬೋರ್ ಮಾಡಿಸಿದೆ, ಪಿಸ್ಟನ್, ರಿಂಗ್ ಹೊಸದು ಹಾಕಿದೆ, ಹೆಡ್ ಫೇಸಿಂಗ್ ಮಾಡಿಸಿ ಅದರ ಮುಖ ಸಮ ಮಾಡಿಸಿದೆ. ಪಟ್ಟಿ ಇಟ್ಟು, ಫೀಲರ್ ಗೇಜ್ (ಸಂದು ಅಳೆಯೋ ತೆಳು ತಗಡು) ತೂರಿಸಿ ಬ್ಲಾಕಿನ ಮುಖ ಸಮ ಇದೆಯಾ ಅಂತಲೂ ನೋಡಿದೆ. ಇಷ್ಟೆಲ್ಲ ಸರಿಯಾಗಿಯೇ ಮಾಡಿದ್ದೆ, ಅದಕ್ಕೇ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹೆಡ್ಡಿನ ನಟ್, ವಾಷರ್ ಎಲ್ಲ ಒಂದು ತಟ್ಟೆಯಲ್ಲಿ ಸೀಮೆಎಣ್ಣೆಗೆ ಹಾಕಿಟ್ಟಿದ್ದೆ. ತೊಳೆದಾದ ಮೇಲೆ ಸೀಮೆಎಣ್ಣೆಯನ್ನು ಚರಂಡಿಗೆ ಚೆಲ್ಲಿದೆ. (ಚೆಲ್ಲಬಾರದು, ಗೊತ್ತು. ಆಗ ಅಷ್ಟು ಬುದ್ಧಿ ಇರಲಿಲ್ಲ.) ಅದರ ಜೊತೆ ಮೂರು ವಾಷರ್ ಹೋದವು. ಸಂಜೆ ಎಣಿಸಿದಾಗ ಹನ್ನೊಂದರಲ್ಲಿ ಎಂಟೇ ಇದ್ದವು. ಹತ್ತಿರದ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಅದೇ ತೂತಿನ ಮೂರು ವಾಷರ್ ತಂದೆ. ಎರಡು ರೂಪಾಯಿಗೆ ಒಂದು. ಹಳೆಯದಕ್ಕಿಂತ ತೆಳ್ಳಗಿದ್ದವು, ಫಳಫಳ ಹೊಳೆಯುತ್ತಿದ್ದವು. ಹೊಸದು ಅಲ್ವಾ, ಇನ್ನೂ ಒಳ್ಳೇದೇ ಅಂದುಕೊಂಡೆ.

ಮರುದಿನ ಹೆಡ್ ಕೂರಿಸಿದೆ. ಪುಸ್ತಕದಲ್ಲಿದ್ದ ಹಾಗೆ ನಡುವಿನಿಂದ ಶುರು ಮಾಡಿ ಹೊರಗೆ, ಮೂರು ಸುತ್ತು. ಕ್ಲಿಕ್, ಕ್ಲಿಕ್, ಕ್ಲಿಕ್. ಹನ್ನೊಂದು ನಟ್‌ಗೂ ಒಂದೇ ಸದ್ದು. ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಎಂಥಾ ಜಂಬ ನನಗೆ!

ಊರೊಳಗೆ ಒಂದು ವಾರ ಓಡಿಸಿದೆ, ಏನೂ ಆಗಲಿಲ್ಲ. ಎಂಟನೇ ದಿನ ಚಿತ್ರದುರ್ಗದಲ್ಲಿ ನೆಂಟರ ಮನೆ ಗೃಹಪ್ರವೇಶ. ಬೆಳಿಗ್ಗೆ ಬೆಣ್ಣೆ ದೋಸೆ ತಿಂದು ಐದು ಜನ ಹೊರಟೆವು. ಏಪ್ರಿಲ್ ಬಿಸಿಲು. ಭರಮಸಾಗರ ದಾಟಿದ ಮೇಲೆ ಬಾನೆಟ್ ಒಳಗೆ ಪುಸ್ ಪುಸ್ ಅಂತ ಶುರುವಾಯಿತು, ಗಾಡಿ ನಡುಗಿತು, ಆಕ್ಸಿಲರೇಟರ್ ಒತ್ತಿದರೂ ಎಳೆತವೇ ಇಲ್ಲ. ಟೆಂಪರೇಚರ್ ಮುಳ್ಳು ಮಾತ್ರ ತನ್ನ ಜಾಗದಲ್ಲೇ ಇತ್ತು. ಅದನ್ನು ನೋಡಿ ಗ್ಯಾಸ್ಕೆಟ್ (ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲು) ಹೋಗಿರಲಿಕ್ಕಿಲ್ಲ, ಪ್ಲಗ್ಗೋ ಕಾಯಿಲ್ಲೋ ಅಂತ ಅರ್ಧ ಗಂಟೆ ಒದ್ದಾಡಿದೆ. ಮನೆಯವರನ್ನು ಬಸ್ ಹತ್ತಿಸಿದೆ. ಅಮ್ಮ ಹತ್ತುವಾಗ ಒಂದು ಮಾತೂ ಆಡಲಿಲ್ಲ, ಅದೇ ದೊಡ್ಡ ಬೈಗುಳ. ಗಾಡಿಯನ್ನು ಹಗ್ಗ ಕಟ್ಟಿ ವಾಪಸ್ ಎಳೆಸಿಕೊಂಡು ಬಂದೆ.

ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ನೋಡಿದರೆ 1 ಮತ್ತು 4ನೇ ಸಿಲಿಂಡರಲ್ಲಿ 130 ಪಿಎಸ್‌ಐ, 2 ಮತ್ತು 3ರಲ್ಲಿ 50 ಕೂಡ ಇಲ್ಲ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಬಿದ್ದರೆ ಮೊದಲು ಅನುಮಾನ ಪಡಬೇಕಾದ್ದು ಅವೆರಡರ ನಡುವಿನ ಗ್ಯಾಸ್ಕೆಟ್. ಇದರಲ್ಲಿ ನೀರಿನ ದಾರಿ ಒಡೆದಿರಲಿಲ್ಲ, ಅದಕ್ಕೇ ಮುಳ್ಳು ಏರಿರಲಿಲ್ಲ.

ಹೆಡ್ ಎತ್ತುವಾಗ ನಮ್ಮ ಬೀದಿಯ ಅಜ್ಜಾರು ಒಬ್ಬರು ಬಂದು ಕೂತಿದ್ದರು. ಹರಿಹರದ ಲೇಥ್ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದವರು. ನಾನು ರೆಂಚ್ ಕೆಟ್ಟಿದೆ, ಮೋಸ ಹೋದೆ ಅಂತ ಗೊಣಗುತ್ತಿದ್ದೆ. ಅವರು ರೆಂಚ್ ಮುಟ್ಟಲೂ ಇಲ್ಲ. ನಟ್ ಬಿಚ್ಚಿಟ್ಟ ಜಾಗದಿಂದ ಒಂದು ವಾಷರ್ ಎತ್ತಿ ಅಂಗೈ ಮೇಲೆ ಇಟ್ಟುಕೊಂಡರು. "ತಮ್ಮಾ, ಇದು ವಾಷರ್ರಾ, ಊಟದ ತಟ್ಟೆನಾ?" ಅಂದರು.

ನಿಜವಾಗಿಯೂ ತಟ್ಟೆಯ ಹಾಗೆ ಬಗ್ಗಿತ್ತು. ನಟ್ ಕಚ್ಚಿದ ಗುರುತು ಅದರೊಳಗೆ ಇಳಿದಿತ್ತು. ಮೂರರಲ್ಲಿ ಎರಡು ನಾನು ನೋಡದೇ ನಡುವಿನ ಸ್ಟಡ್‌ಗಳಿಗೇ ಹಾಕಿದ್ದೆ.

ಈಗ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಓದಿ. ಹೆಡ್ಡನ್ನು ಹಿಡಿದಿಡುವುದು ನಟ್‌ನ ಬಿಗಿ ಅಲ್ಲ, ಸ್ಟಡ್‌ನ ಎಳೆತ. ನಟ್ ತಿರುಗಿದಂತೆ ಸ್ಟಡ್ ರಬ್ಬರ್ ಬ್ಯಾಂಡಿನ ಹಾಗೆ ಒಂಚೂರು ಹಿಗ್ಗುತ್ತದೆ, ವಾಪಸ್ ಕುಗ್ಗೋಕೆ ನೋಡುತ್ತದೆ, ಆ ಬಲವೇ ಗ್ಯಾಸ್ಕೆಟನ್ನು ಒತ್ತಿ ಹಿಡಿಯುವುದು. ಎಷ್ಟು ಹಿಗ್ಗುತ್ತದೆ? ಹತ್ತು ಸೆಂಟಿಮೀಟರ್ ಉದ್ದದ ಸ್ಟಡ್ ಆದರೆ 0.2ರಿಂದ 0.3 ಮಿಲಿಮೀಟರ್, ಅಷ್ಟೇ. ನಟ್ ಕೆಳಗಿನ ಮೆತ್ತನೆ ವಾಷರ್ ಎಂಜಿನ್ ಕಾದು ತಣ್ಣಗಾಗುವಾಗ 0.1 ಮಿಲಿಮೀಟರ್ ಕುಸಿಯಿತು ಅನ್ನಿ. ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಹಿಡಿತದಲ್ಲಿ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಹೋಯಿತು. ನಟ್ ಸಡಿಲವಾಗಿಲ್ಲ, ತಿರುಗಿಲ್ಲ, ಇದ್ದಲ್ಲೇ ಇದೆ. ಕೆಳಗಿನ ನೆಲ ಕುಸಿದಿದೆ.

ಇನ್ನೊಂದು ಮೋಸ ಇದೆ. ನೀವು ರೆಂಚಿಗೆ ಹಾಕುವ ಬಲದಲ್ಲಿ ಸ್ಟಡ್ ಎಳೆಯೋಕೆ ಹೋಗುವುದು ಸುಮಾರು ಹತ್ತನೇ ಒಂದು ಭಾಗ ಮಾತ್ರ. ಮಿಕ್ಕಿದ್ದೆಲ್ಲ ನಟ್‌ನ ತಳದಲ್ಲಿ ಮತ್ತು ಥ್ರೆಡ್‌ನಲ್ಲಿ ಉಜ್ಜಾಟಕ್ಕೆ ಹೋಗುತ್ತದೆ. ನಟ್ ಮೆತ್ತನೆ ವಾಷರನ್ನು ಕೆರೆದುಕೊಂಡು ತಿರುಗಿದರೆ ಉಜ್ಜಾಟ ಇನ್ನೂ ಜಾಸ್ತಿ. ರೆಂಚ್ ಕ್ಲಿಕ್ ಅನ್ನುತ್ತದೆ, ಸ್ಟಡ್ ಬೇಕಾದಷ್ಟು ಹಿಗ್ಗಿಯೇ ಇರುವುದಿಲ್ಲ. ತುಕ್ಕು ಹಿಡಿದ ಥ್ರೆಡ್‌ದೂ ಇದೇ ಕಥೆ. ಪಾಪ, ರೆಂಚಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು?

ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು ಜಾಗದಲ್ಲಿದೆ. ಡಿಜಿಟಲ್ ಬೇಡ, ಸುಮ್ನೆ ದುಡ್ಡು ದಂಡ. ಮಾಮೂಲಿ ಕ್ಲಿಕ್ ರೆಂಚ್ ತಗೊಳ್ಳಿ. ಕೈ ಅಂದಾಜು ಮಾತ್ರ ಬೇಡವೇ ಬೇಡ. ಮೂವತ್ತು ವರ್ಷ ಪಾನಾ ಹಿಡಿದ ಮೇಸ್ತ್ರಿಗಳ ಕೈ ಬೇರೆ, ನಮ್ಮ ಕೈ ಬೇರೆ. ಉಳಿದ ದುಡ್ಡಲ್ಲಿ ಹೆಡ್‌ಗೇ ಅಂತ ಬರುವ ದಪ್ಪನೆಯ ಗಟ್ಟಿ ವಾಷರ್ ಮತ್ತು ಹೊಸ ನಟ್ ತಗೊಳ್ಳಿ. ಅರದಿಂದ ಒಂದು ಮೂಲೆ ಉಜ್ಜಿ ನೋಡಿ: ಸಲೀಸಾಗಿ ಕೆರೆದು ಬಂದರೆ ಅದು ಮೆತ್ತನೆಯದು, ಅಂಗಡಿಗೆ ವಾಪಸ್ ಕೊಡಿ.

ಸ್ಟಡ್‌ಗಳನ್ನು ಬ್ಲಾಕಿಗೆ ಕೈಯಲ್ಲಿ ತಿರುಗಿಸಿ ಕೂರಿಸಿದರೆ ಸಾಕು. ಎರಡು ನಟ್ ಜೋಡಿಸಿ ತಳಕ್ಕೆ ಗುದ್ದುವ ಹಾಗೆ ಬಿಗಿಯುವವರನ್ನು ನೋಡಿದ್ದೇನೆ, ಬೇಡ. ಅದಕ್ಕೆ ಮೊದಲು ತೂತುಗಳ ಒಳಗೆ ಗಾಳಿ ಹೊಡೆಯಿರಿ, ಕಣ್ಣಿಗೆ ಕನ್ನಡಕ ಇರಲಿ. ತಳ ಮುಚ್ಚಿದ ತೂತಿನಲ್ಲಿ ಎಣ್ಣೆಯೋ ನೀರೋ ನಿಂತಿದ್ದರೆ, ಮೇಲಿಂದ ಬಿಗಿದಾಗ ಅದಕ್ಕೆ ಹೋಗೋಕೆ ಜಾಗ ಇರಲ್ಲ, ಬ್ಲಾಕೇ ಸೀಳಬಹುದು. ನಟ್‌ನ ಥ್ರೆಡ್ಡಿಗೂ ತಳಕ್ಕೂ ಒಂದೊಂದು ಹನಿ ಎಂಜಿನ್ ಆಯಿಲ್ ಸವರಿ. ಆದರೆ ಪುಸ್ತಕದ ಅಂಕಿ ಒಣ ಥ್ರೆಡ್ಡಿಗೋ ಎಣ್ಣೆ ಹಾಕಿದ್ದಕ್ಕೋ ನೋಡಿಕೊಳ್ಳಿ, ಎರಡೂ ಒಂದೇ ಅಲ್ಲ. ಹಳೇ ಪುಸ್ತಕಗಳಲ್ಲಿ ಅಂಕಿ ಫುಟ್-ಪೌಂಡ್‌ನಲ್ಲಿ ಇರುತ್ತದೆ. ಅಲ್ಲಿ 50 ಅಂದರೆ ನ್ಯೂಟನ್ ಮೀಟರ್‌ನಲ್ಲಿ 68. ರೆಂಚಿನ ಯಾವ ಗೆರೆ ಓದುತ್ತಿದ್ದೀರಿ ಅಂತ ಎರಡು ಸಲ ನೋಡಿ.

ಬಿಗಿಯುವಾಗ ಒಂದೇ ಸಮನೆ ಎಳೆಯಿರಿ. ಜರ್ಕ್ ಹೊಡೆಯಬೇಡಿ, ಕ್ಲಿಕ್ ಬಂದ ಮೇಲೆ ಇನ್ನೊಂದು ಸಲ ಕ್ಲಿಕ್ ಅನ್ನಿಸಬೇಡಿ. ಕ್ಲಿಕ್ ರೆಂಚಿನಲ್ಲಿ ನಟ್ ಬಿಚ್ಚಬೇಡಿ, ಕೆಲಸ ಮುಗಿದ ಮೇಲೆ ಅದರ ಸ್ಪ್ರಿಂಗನ್ನು ಕನಿಷ್ಠ ಅಂಕಿಗೆ ಇಳಿಸಿಡಿ.

ಎಂಜಿನ್ ಒಮ್ಮೆ ಚೆನ್ನಾಗಿ ಕಾಯಿಸಿ, ಪೂರ್ತಿ ತಣ್ಣಗಾಗಲು ಬಿಟ್ಟು, ಮತ್ತೆ ಬಿಗಿಯಿರಿ. ಒಂದೊಂದೇ ನಟ್. ಅದನ್ನು ಕಾಲು ಸುತ್ತು ಸಡಿಲ ಮಾಡಿ ಮತ್ತೆ ಕ್ಲಿಕ್ ತನಕ ತನ್ನಿ, ಇಲ್ಲದಿದ್ದರೆ ಅಂಟಿಕೊಂಡ ನಟ್ ಸುಳ್ಳು ಹೇಳುತ್ತದೆ. ಈ ಎಂಜಿನ್‌ನಲ್ಲಿ ನಾಲ್ಕು ಹೆಡ್ ನಟ್‌ಗಳೇ ರಾಕರ್ (ವಾಲ್ವ್ ಒತ್ತುವ ತೋಳು) ಕಂಬಗಳನ್ನೂ ಹಿಡಿದಿರುತ್ತವೆ. ಆದ್ದರಿಂದ ಮತ್ತೆ ಬಿಗಿದ ಮೇಲೆ ಟ್ಯಾಪೆಟ್ ಗ್ಯಾಪ್ (ರಾಕರ್ ಮತ್ತು ವಾಲ್ವ್ ನಡುವಿನ ಸಂದು) ನೋಡಲೇಬೇಕು. ಮತ್ತೆ ಬಿಗಿಯುವ ಈ ಮಾತು ಅಂಬಾಸಿಡರ್‌ನಂಥ ಹಳೇ ಎಂಜಿನ್ನಿಗೆ ಮಾತ್ರ. ಈಗಿನ ಎಷ್ಟೋ ಕಾರುಗಳ ಹೆಡ್ ಬೋಲ್ಟ್ ಒಮ್ಮೆ ಬಿಗಿದರೆ ಮುಗಿಯಿತು, ಅವಕ್ಕೆ ಟಾರ್ಕ್ ಆದ ಮೇಲೆ ಡಿಗ್ರಿ ಲೆಕ್ಕದಲ್ಲಿ ತಿರುಗಿಸುತ್ತಾರೆ, ಬಿಚ್ಚಿದರೆ ಹೊಸದೇ ಹಾಕಬೇಕಾಗಬಹುದು.

ನಾನು ಎರಡನೇ ಸಲ ಹೆಡ್ ಕೂರಿಸುವಾಗ ಅಜ್ಜಾರು ಒಂದು ಡಬ್ಬಿಯಲ್ಲಿ ಹಳೇ ಗಟ್ಟಿ ವಾಷರ್ ತಂದು ಕೊಟ್ಟರು, ದುಡ್ಡು ತಗೊಳ್ಳಲಿಲ್ಲ. ಗಾಡಿ ಆಮೇಲೆ ಆರು ವರ್ಷ ಓಡಿತು. ಬಗ್ಗಿದ ಎರಡು ವಾಷರ್ ಇನ್ನೂ ನನ್ನ ಟೂಲ್ ಪೆಟ್ಟಿಗೆಯಲ್ಲಿವೆ.

ರೆಂಚ್ ಆರ್ಡರ್ ಮಾಡುವ ಮೊದಲು ನಿಮ್ಮ ತಟ್ಟೆಯಲ್ಲಿರುವ ವಾಷರ್ ಎಣಿಸಿ ನೋಡಿ. ಹನ್ನೊಂದು ಇರಬೇಕು.