ಅಮ್ಮನ ಉಸಿರು ಎಣಿಸಿ

ಚಿಂತಾಮಣಿಯ ಓದುಗರೊಬ್ಬರ ಪತ್ರ: "ಅಮ್ಮನಿಗೆ ಸಕ್ಕರೆ ಕಾಯಿಲೆ. ಮೈಯಲ್ಲಿ ಆಸಿಡ್ ಜಾಸ್ತಿಯಾಗಿದೆ, ಆಲ್ಕಲೈನ್ ನೀರಿನ ಯಂತ್ರ ಹಾಕಿಸಿದರೆ ಇನ್ಸುಲಿನ್ ಬಿಡಬಹುದು ಅಂತ ಮಾರುವವರು ಹೇಳ್ತಾರೆ. ಕಂತಿನಲ್ಲಿ ಕೊಳ್ಳಲೇ?"

ಬೇಡ. ಇನ್ಸುಲಿನ್ ಅಂತೂ ಬಿಡಲೇಬೇಡಿ. ದುಡ್ಡು ಕಟ್ಟುವ ಮೊದಲು ಕೇಳಿದಿರಲ್ಲ, ಅದು ನಿಮ್ಮ ಜಾಣತನ. ಆದರೆ ಸ್ವಲ್ಪ ಬೈಯುತ್ತೇನೆ. ಕಂತಿನ ವಿಚಾರ ಎರಡು ಪುಟ ಬರೆದಿದ್ದೀರಿ, ಅಮ್ಮ ಈಗ ಹೇಗಿದ್ದಾರೆ ಅಂತ ಒಂದು ಸಾಲೂ ಇಲ್ಲ.

ಆ ಆಲ್ಕಲೈನ್, ಅಂದರೆ ಕ್ಷಾರದ ನೀರು ಹೊಟ್ಟೆಗಿಳಿದ ಕೂಡಲೇ ಅಲ್ಲಿನ ಆಸಿಡ್‌ಗೆ ಸೇರಿ ತನ್ನ ಗುಣ ಕಳೆದುಕೊಳ್ಳುತ್ತದೆ. ರಕ್ತದ ಪಿಎಚ್, ಅಂದರೆ ಆಸಿಡ್-ಕ್ಷಾರದ ಅಳತೆ, 7.35ರಿಂದ 7.45ರೊಳಗೇ ಇರಬೇಕು. ಅದನ್ನು ಕಾಯುವುದು ಶ್ವಾಸಕೋಶ ಮತ್ತು ಕಿಡ್ನಿ. ನಿಜ, ಕಿಡ್ನಿ ಸೋತವರಿಗೆ ಡಾಕ್ಟರೇ ಸೋಡಾ (ಬೈಕಾರ್ಬನೇಟ್) ಮಾತ್ರೆ ಬರೆಯುವುದುಂಟು. ಅದು ರಕ್ತ ಪರೀಕ್ಷೆ ನೋಡಿ, ಅಳೆದು ಕೊಡುವ ಮದ್ದು.

ಕೋಲಾರದ ನಮ್ಮ ಚಿಕ್ಕಮ್ಮನಿಗೆ ಒಮ್ಮೆ ಜ್ವರ ಬಂದು ಮುದ್ದೆ ಸೇರಲಿಲ್ಲ. ಊಟವೇ ಇಲ್ಲದ ಮೇಲೆ ಸೂಜಿ ಯಾಕೆ ಅಂತ ಎರಡು ದಿನ ಇನ್ಸುಲಿನ್ ಬಿಟ್ಟರು. ಮೂರನೇ ದಿನ ವಾಂತಿ, ಹೊಟ್ಟೆನೋವು. ಚಾಪೆ ಮೇಲೆ ಕೂತೇ, ಬೆಟ್ಟ ಹತ್ತಿ ಬಂದವರ ಹಾಗೆ ಆಳವಾಗಿ ಉಸಿರು ಎಳೆಯುತ್ತಿದ್ದರು. ಒಂದು ಕಡೆ ಗ್ಯಾಸ್ಟ್ರಿಕ್ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದರು. ಇನ್ನೊಂದು ಕಡೆ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬಾಗಿ ನೋಡಿದರು. ಬಾಯಿಂದ ಕಳಿತ ಹಣ್ಣಿನ ವಾಸನೆ. ಇನ್ಸುಲಿನ್ ಇಲ್ಲದೆ ಮೈ ಕೊಬ್ಬು ಸುಟ್ಟು, ಕೀಟೋನ್ ಆಸಿಡ್ ತುಂಬಿತ್ತು. ಇಂಗಾಲದ ಡೈಆಕ್ಸೈಡ್ ಹೊರದಬ್ಬಿ ಅದನ್ನು ಸರಿದೂಗಿಸಲು ಆ ಉಸಿರು. ಡ್ರಿಪ್, ಇನ್ಸುಲಿನ್, ಪದೇ ಪದೇ ಪೊಟ್ಯಾಸಿಯಂ ಪರೀಕ್ಷೆ. ಉಳಿದರು.

ಈ ಉಸಿರನ್ನು ಜರ್ಮನಿಯ ವೈದ್ಯ ಅಡಾಲ್ಫ್ ಕುಸ್‌ಮೌಲ್ 1874ರಲ್ಲೇ ಬರೆದಿಟ್ಟಿದ್ದಾರೆ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿದಾಗ, ಡಾಕ್ಟರುಗಳು ರೋಗಿಗಳ ರಕ್ತದಲ್ಲಿ ಕ್ಷಾರ ಗುಣದ ಬೈಕಾರ್ಬನೇಟ್ ಜಾಸ್ತಿ ಕಂಡು ಕ್ಷಾರ ಏರಿದೆ ಎಂದುಕೊಂಡರು. ಉಸಿರೇ ಸಾಲದೆ ಇಂಗಾಲದ ಡೈಆಕ್ಸೈಡ್ ಒಳಗೇ ಉಳಿಯುತ್ತಿದೆ ಅಂತ ಹಿಡಿದವರು ಅರಿವಳಿಕೆ ವೈದ್ಯ ಬ್ಯೋರ್ನ್ ಇಬ್ಸೆನ್. ಆಮೇಲೆ ವೈದ್ಯಕೀಯ ವಿದ್ಯಾರ್ಥಿಗಳು ಸರದಿ ಮೇಲೆ ಕೈಯಲ್ಲೇ ಗಾಳಿಚೀಲ ಒತ್ತಿ ಜೀವ ಉಳಿಸಿದರು.

ನಮ್ಮ ಕಡೆ ನೀರಿನ ಕಷ್ಟ ಗೊತ್ತಲ್ವಾ? ಸಾವಿರ ಅಡಿ ಕೊರೆದ ಬೋರ್‌ವೆಲ್, ಅದರಲ್ಲೂ ಫ್ಲೋರೈಡ್. ನೀರೆಂದರೆ ಜನಕ್ಕೆ ಭಯ. ಆ ಭಯವನ್ನೇ ಬಂಡವಾಳ ಮಾಡಿಕೊಂಡು, ರೇಷ್ಮೆಗೂಡು ಮಾರಿದ ದುಡ್ಡಿಗೆ ಕೈ ಹಾಕುತ್ತಾರಲ್ಲ, ನನಗೆ ಹೊಟ್ಟೆ ಉರಿಯುತ್ತದೆ.

ಅಮ್ಮನಿಗೆ ಸಕ್ಕರೆ ನೋಡುವ ಮೀಟರ್ ತನ್ನಿ, ಕೀಟೋನ್ ಸ್ಟ್ರಿಪ್ ಇಟ್ಟುಕೊಳ್ಳಿ. ಜ್ವರ ಬಂದು ಊಟ ಬಿಟ್ಟರೂ ಇನ್ಸುಲಿನ್ ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರಿಗೆ ಫೋನ್ ಮಾಡಿ ಡೋಸ್ ಕೇಳಿ. ವಾಂತಿ ಜೊತೆ ಉಸಿರು ಆಳವಾದರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಇವತ್ತು ಸಂಜೆ ಅವರು ಸುಮ್ನೆ ಕೂತಿರುವಾಗ, ಹೇಳದೆ, ಒಂದು ನಿಮಿಷ ಉಸಿರು ಎಣಿಸಿ ಕ್ಯಾಲೆಂಡರಿನಲ್ಲಿ ಬರೆದಿಡಿ. ಆರಾಮಾಗಿದ್ದವರಿಗೆ 12ರಿಂದ 20 ಇರುತ್ತದೆ.